ಮೋಲ್, ದ್ರಾವಣ, ಎಲೆಕ್ಟ್ರಾನ್ ಲೆಕ್ಕಗಳು: ಯಾವ ವಿಧಾನ ಹಿಡಿಯಬೇಕು?

ರಸಾಯನಶಾಸ್ತ್ರದ ಲೆಕ್ಕ ಶುರು ಮಾಡಿದವರೆಲ್ಲ ಬೇಗನೆ ಒಂದು ಗೊಂದಲಕ್ಕೆ ಬೀಳುತ್ತಾರೆ. ಪಾಠದಲ್ಲಿ ಒಂದು ವಿಧಾನ ಹೇಳಿರುತ್ತಾರೆ. ಪುಸ್ತಕದಲ್ಲಿ ಇನ್ನೊಂದು ಇರುತ್ತದೆ. ಪಕ್ಕದಲ್ಲಿ ಕೂತವರು ಮೂರನೆಯದನ್ನು ಹಿಡಿದು ಎರಡೇ ಸಾಲಿನಲ್ಲಿ ಮುಗಿಸಿರುತ್ತಾರೆ. ಉತ್ತರ ಮೂರರಲ್ಲೂ ಒಂದೇ. ಹಾಗಿದ್ದರೆ ಯಾವುದನ್ನು ರೂಢಿ ಮಾಡಿಕೊಳ್ಳಬೇಕು?

ಎಲ್ಲ ವಿಧಾನಗಳೂ ಸರಿಯೇ. ಆದರೆ ಅಷ್ಟು ಹೇಳಿ ಕೈತೊಳೆದುಕೊಂಡರೆ ಯಾರಿಗೂ ಉಪಯೋಗವಿಲ್ಲ. ಲೆಕ್ಕ ಸರಿಯಾಗಿ ಸಾಗುವಾಗ ಅವುಗಳ ನಡುವೆ ವ್ಯತ್ಯಾಸವೇ ಕಾಣುವುದಿಲ್ಲ. ಎಲ್ಲೋ ಒಂದು ಕಡೆ ಎಡವಿದಾಗ ಗೊತ್ತಾಗುತ್ತದೆ. ಕೆಲವು ವಿಧಾನಗಳಲ್ಲಿ ತಪ್ಪು ಹಾಳೆಯ ಮೇಲೇ ಎದ್ದು ಕಾಣುತ್ತದೆ. ಕೆಲವದರಲ್ಲಿ ಅದು ಒಳಗೇ ಕೂತು, ಕೊನೆಗೆ ನೋಡಲು ಸರಿಯೆನಿಸುವ ಸಂಖ್ಯೆಯಾಗಿ ಹೊರಬರುತ್ತದೆ. ನೀವು ಯಾವ ರೀತಿ ಎಡವುತ್ತೀರಿ ಎಂದು ನೋಡಿಕೊಂಡು, ಆ ತಪ್ಪನ್ನು ತೋರಿಸಿಕೊಡುವ ವಿಧಾನವನ್ನೇ ಆರಿಸಿ ಎನ್ನುವುದು ನನ್ನ ಸಲಹೆ.

ಯಾವುದರ ಮೇಲೆ ಅಳೆಯುವುದು?

ಮೊದಲನೆಯದನ್ನು ಆಗಲೇ ಹೇಳಿದೆ: ತಪ್ಪು ಕಣ್ಣಿಗೆ ಬೀಳುತ್ತದೆಯೇ? ಎರಡನೆಯದು, ಎಷ್ಟು ಬಾಯಿಪಾಠ ಮಾಡಬೇಕು? ಮೂರನೆಯದು ಸಮಯ. ಮನೆಯಲ್ಲಿ ಕೂತು ಕಲಿಯುವವರಿಗೂ, ಒಂದು ಲೆಕ್ಕಕ್ಕೆ ಒಂದೂವರೆ ನಿಮಿಷ ಸಿಗುವ ಪರೀಕ್ಷೆ ಬರೆಯುವವರಿಗೂ ಬೇಕಾದದ್ದು ಬೇರೆ ಬೇರೆ. ನಾಲ್ಕನೆಯದು, ಪ್ರಶ್ನೆಯ ರೂಪ ಸ್ವಲ್ಪ ಬದಲಾದರೆ ವಿಧಾನ ನಿಲ್ಲುತ್ತದೆಯೇ, ಕೈಕೊಡುತ್ತದೆಯೇ? ಗ್ರಾಂ ಕೊಟ್ಟು ಗ್ರಾಂ ಕೇಳಿದರೆ ಎಲ್ಲರೂ ಮಾಡುತ್ತಾರೆ. ಗ್ರಾಂ ಕೊಟ್ಟು ಮಿಲಿಲೀಟರ್ ಕೇಳಿದಾಗ ಅಸಲು ಪರೀಕ್ಷೆ.

ಇದೆಲ್ಲಕ್ಕೂ ಮೊದಲು ಒಂದು ಮಾತು. ಸಮೀಕರಣ ಸರಿದೂಗದಿದ್ದರೆ ಯಾವ ವಿಧಾನವೂ ನಿಮ್ಮನ್ನು ಕಾಪಾಡುವುದಿಲ್ಲ. ಸಮೀಕರಣದ ಸಹಗುಣಕಗಳು, ಅಂದರೆ ಪ್ರತಿ ವಸ್ತುವಿನ ಮುಂದೆ ಬರೆಯುವ ಸಂಖ್ಯೆಗಳು, ಹೇಳುವುದು ಮೋಲ್‌ಗಳ ಲೆಕ್ಕವನ್ನು, ಗ್ರಾಂಗಳ ಲೆಕ್ಕವನ್ನು ಹೇಳುವುದೇ ಇಲ್ಲ. ಮೋಲ್ ಎಂದರೆ ಡಜನ್‌ನಂತೆ ಕಣಗಳನ್ನು ಗುಂಪಾಗಿ ಎಣಿಸುವ ಅಳತೆ. ಅದು ಒಂದು ಜಂಕ್ಷನ್ ಇದ್ದ ಹಾಗೆ. ಗ್ರಾಂ, ಅನಿಲದ ಲೀಟರ್, ದ್ರಾವಣದ ಮಿಲಿಲೀಟರ್, ಅಣುಗಳ ಸಂಖ್ಯೆ, ಕೂಲಂಬ್ (ವಿದ್ಯುತ್ ಚಾರ್ಜ್‌ನ ಅಳತೆ) ಎಲ್ಲವೂ ಅಲ್ಲಿಗೆ ಬಂದು, ದಾರಿ ಬದಲಿಸಿ, ಮುಂದಕ್ಕೆ ಹೋಗಬೇಕು. ಇಲ್ಲಿ ಹೋಲಿಸುವ ಎಲ್ಲ ವಿಧಾನಗಳೂ ಈ ಜಂಕ್ಷನ್ ಮೂಲಕವೇ ಹಾಯುತ್ತವೆ. ಕೆಲವು ಅದನ್ನು ತೋರಿಸುತ್ತವೆ, ಕೆಲವು ಮುಚ್ಚಿಡುತ್ತವೆ.

ಮೋಲ್ ಲೆಕ್ಕ: ತ್ರೈರಾಶಿಯೋ, ಸೂತ್ರವೋ, ಯೂನಿಟ್ ಹೊಡೆದು ಹಾಕುವುದೋ?

ಒಂದು ಸುಲಭದ ಲೆಕ್ಕ ತೆಗೆದುಕೊಳ್ಳೋಣ. 5.00 ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟನ್ನು ಬೇಕಾದಷ್ಟು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿದರೆ ಎಷ್ಟು ಗ್ರಾಂ ಕಾರ್ಬನ್ ಡೈಆಕ್ಸೈಡ್ ಬರುತ್ತದೆ? ಒಂದು ಮೋಲ್ ಕಾರ್ಬೊನೇಟ್‌ಗೆ ಒಂದು ಮೋಲ್ ಅನಿಲ. ಕಾರ್ಬೊನೇಟ್‌ನ ಮೋಲಾರ್ ರಾಶಿ (ಒಂದು ಮೋಲ್‌ನ ತೂಕ) 100.09 ಗ್ರಾಂ, ಅನಿಲದ್ದು 44.01 ಗ್ರಾಂ.

ತ್ರೈರಾಶಿ ಗೊತ್ತಿರುವವರು ಮೋಲ್ ಎಂಬ ಪದವನ್ನೇ ಎತ್ತದೆ ಮುಗಿಸುತ್ತಾರೆ: 100.09 ಗ್ರಾಂಗೆ 44.01 ಗ್ರಾಂ ಬಂದರೆ, 5.00 ಗ್ರಾಂಗೆ ಎಷ್ಟು? ಓರೆ ಗುಣಾಕಾರ ಮಾಡಿ, ಭಾಗಿಸಿ. 2.20 ಗ್ರಾಂ. ಹೊಸದಾಗಿ ಏನೂ ಕಲಿಯಬೇಕಾಗಿಲ್ಲ, ಶಾಲೆಯ ಗಣಿತವೇ ಸಾಕು. ಗಾಬರಿಯಲ್ಲಿರುವವರಿಗೆ ಇದು ದೊಡ್ಡ ಧೈರ್ಯ. ಆದರೆ ಸಹಗುಣಕ ಒಂದಕ್ಕೊಂದು ಇಲ್ಲದ ಕಡೆ, ಪ್ರತಿ ರಾಶಿಯನ್ನೂ ಅದರ ಸಹಗುಣಕದಿಂದ ಗುಣಿಸಿಕೊಂಡೇ ತ್ರೈರಾಶಿಗೆ ಹಾಕಬೇಕು. ಅದನ್ನು ಮರೆತರೆ ಹಾಳೆಯ ಮೇಲೆ ಯಾವ ಸುಳಿವೂ ಸಿಗುವುದಿಲ್ಲ. ಮೂರು ನಾಲ್ಕು ಹಂತದ ಲೆಕ್ಕ ಬಂದರೆ ಓರೆ ಗುಣಾಕಾರದ ಮೇಲೆ ಓರೆ ಗುಣಾಕಾರ ಕೂತು, ಯಾವ ಸಂಖ್ಯೆ ಏನು ಅನ್ನುವುದೇ ಮರೆತುಹೋಗುತ್ತದೆ.

ಸೂತ್ರದ ದಾರಿಯಲ್ಲಿ ಹಂತ ಹಂತವಾಗಿ ಹೋಗುತ್ತೇವೆ. ಮೋಲ್ = ರಾಶಿ ÷ ಮೋಲಾರ್ ರಾಶಿ. 5.00 ÷ 100.09 = 0.04996 ಮೋಲ್. ಅನಿಲವೂ ಅಷ್ಟೇ ಮೋಲ್. ಅದನ್ನು 44.01 ರಿಂದ ಗುಣಿಸಿದರೆ 2.20 ಗ್ರಾಂ. ಪ್ರತಿ ಹಂತದಲ್ಲೂ ಕೈಯಲ್ಲಿರುವ ಸಂಖ್ಯೆಗೆ ಒಂದು ಅರ್ಥ ಇರುತ್ತದೆ. ಇದರ ಅಪಾಯ ಬೇರೆ ಕಡೆ ಇದೆ. ಗ್ರಾಂಗೆ ಒಂದು ಸೂತ್ರ, ಅನಿಲದ ಗಾತ್ರಕ್ಕೆ ಒಂದು, ಅಣುಗಳ ಸಂಖ್ಯೆಗೆ ಒಂದು, ದ್ರಾವಣಕ್ಕೆ ಒಂದು ಎಂದು ಸೂತ್ರಗಳು ಸೇರುತ್ತಾ ಹೋಗುತ್ತವೆ. ಒತ್ತಡದಲ್ಲಿದ್ದಾಗ ಗುಣಿಸಬೇಕಾ ಭಾಗಿಸಬೇಕಾ ಎನ್ನುವುದು ತಲೆಯಿಂದ ಜಾರುತ್ತದೆ.

ಮೂರನೆಯದು ಯೂನಿಟ್‌ಗಳನ್ನು ಹೊಡೆದು ಹಾಕುತ್ತಾ ಹೋಗುವ ಸರಪಳಿ:

5.00 ಗ್ರಾಂ ಕಾರ್ಬೊನೇಟ್ × (1 ಮೋಲ್ ಕಾರ್ಬೊನೇಟ್ ÷ 100.09 ಗ್ರಾಂ ಕಾರ್ಬೊನೇಟ್) × (1 ಮೋಲ್ ಅನಿಲ ÷ 1 ಮೋಲ್ ಕಾರ್ಬೊನೇಟ್) × (44.01 ಗ್ರಾಂ ಅನಿಲ ÷ 1 ಮೋಲ್ ಅನಿಲ) = 2.20 ಗ್ರಾಂ ಅನಿಲ

ಬರೆಯಲು ಉದ್ದ, ನಿಜ. ಆದರೆ ಇಲ್ಲಿ ಗುಣಿಸಬೇಕಾ ಭಾಗಿಸಬೇಕಾ ಎಂದು ನೀವು ಯೋಚಿಸಬೇಕಾಗಿಯೇ ಇಲ್ಲ, ಯೂನಿಟ್‌ಗಳೇ ಹೇಳುತ್ತವೆ. ಮೊದಲ ಕಂಸವನ್ನು ತಲೆಕೆಳಗಾಗಿ ಬರೆದರೆ ಗ್ರಾಂಗೆ ಗ್ರಾಂ ಹೊಡೆದು ಹೋಗದೆ, ಗ್ರಾಂ ವರ್ಗ ಎಂಬ ಅರ್ಥವಿಲ್ಲದ ಯೂನಿಟ್ ಉಳಿಯುತ್ತದೆ. ಅಲ್ಲೇ ಸಿಕ್ಕಿಬೀಳುತ್ತೀರಿ.

ಈ ಸರಪಳಿ ಕೆಲಸ ಮಾಡಬೇಕಾದರೆ ಒಂದು ಶಿಸ್ತು ಬೇಕು. ಸುಮ್ನೆ 'ಗ್ರಾಂ' ಎಂದು ಬರೆದರೆ ಸಾಲದು, ಯಾವುದರ ಗ್ರಾಂ ಎಂದೂ ಬರೆಯಬೇಕು. ಬರೀ ಗ್ರಾಂ ಎಂದು ಬರೆದಾಗ ಕಾರ್ಬೊನೇಟ್‌ನ ಗ್ರಾಂ ಅನಿಲದ ಗ್ರಾಂ ಜೊತೆ ಹೊಡೆದು ಹೋಗಿ, ತಪ್ಪು ಲೆಕ್ಕವೂ ಸರಿಯಾಗಿಯೇ ಕಾಣುತ್ತದೆ. ಹೆಸರು ಬರೆಯುವ ಸೋಮಾರಿತನಕ್ಕೆ ಬಿದ್ದವರಿಗೆ ಈ ವಿಧಾನದಿಂದ ಅರ್ಧ ಲಾಭವೂ ಸಿಗುವುದಿಲ್ಲ. ಸಹಗುಣಕವನ್ನೇ ತಪ್ಪಾಗಿ ಬರೆದಿದ್ದರೆ ಸರಪಳಿಯೂ ಅದನ್ನು ಹಿಡಿಯದು.

ನನ್ನ ತೀರ್ಮಾನ: ಗುಣಾಕಾರ, ಭಾಗಾಕಾರ ಅದಲು ಬದಲಾಗುವವರು ಸರಪಳಿ ಹಿಡಿಯಿರಿ. ಉದ್ದ ಸಾಲು ನೋಡಿದರೆ ದಾರಿ ತಪ್ಪುವವರು ಹಂತ ಹಂತದ ಸೂತ್ರದಲ್ಲೇ ಇರಿ, ಆದರೆ ಪ್ರತಿ ಹಂತದ ಉತ್ತರದ ಮುಂದೆ ಯೂನಿಟ್ಟನ್ನೂ ವಸ್ತುವಿನ ಹೆಸರನ್ನೂ ಬರೆಯಿರಿ. ತ್ರೈರಾಶಿಯನ್ನು ಒಂದೇ ಹಂತದ ಲೆಕ್ಕಕ್ಕೆ ಇಟ್ಟುಕೊಳ್ಳಿ.

ಅನಿಲದ ಗಾತ್ರ ಕೇಳಿದರೆ ಇನ್ನೊಂದು ಎಚ್ಚರ ಬೇಕು. ಹಳೆಯ ರೂಢಿಯಲ್ಲಿ 0 ಡಿಗ್ರಿ ಸೆಲ್ಸಿಯಸ್, 1 ಅಟ್ಮಾಸ್ಫಿಯರ್ ಒತ್ತಡ. ಆಗ ಒಂದು ಮೋಲ್ ಆದರ್ಶ ಅನಿಲಕ್ಕೆ 22.4 ಲೀಟರ್. 1982ರಿಂದ ಪ್ರಮಾಣಿತ ಒತ್ತಡವನ್ನು 100 ಕಿಲೋಪಾಸ್ಕಲ್ ಎಂದು ಬದಲಿಸಿದ್ದಾರೆ. ಆಗ ಅದು 22.7 ಲೀಟರ್ ಆಗುತ್ತದೆ. ಮೇಲಿನ ಲೆಕ್ಕದಲ್ಲಿ ಮೊದಲನೆಯದಕ್ಕೆ 1.12 ಲೀಟರ್, ಎರಡನೆಯದಕ್ಕೆ 1.13 ಲೀಟರ್. ನಿಮ್ಮ ಪುಸ್ತಕ ಯಾವುದನ್ನು ಬಳಸುತ್ತದೆ ಎಂದು ಒಮ್ಮೆ ನೋಡಿಕೊಂಡುಬಿಡಿ.

ಯಾವುದು ಮೊದಲು ಮುಗಿಯುತ್ತದೆ?

ಎರಡೂ ವಸ್ತುಗಳ ಪ್ರಮಾಣ ಕೊಟ್ಟಾಗ ಮೇಲಿನ ಮೂರೂ ವಿಧಾನಗಳು ಸ್ವಲ್ಪ ತಡವರಿಸುತ್ತವೆ. 10.0 ಗ್ರಾಂ ಅಲ್ಯೂಮಿನಿಯಂ, 35.5 ಗ್ರಾಂ ಕ್ಲೋರಿನ್ ಅನಿಲ ಸೇರಿದರೆ ಎಷ್ಟು ಅಲ್ಯೂಮಿನಿಯಂ ಕ್ಲೋರೈಡ್ ಸಿಗುತ್ತದೆ?

2 ಅಲ್ಯೂಮಿನಿಯಂ + 3 ಕ್ಲೋರಿನ್ ಅಣು → 2 ಅಲ್ಯೂಮಿನಿಯಂ ಕ್ಲೋರೈಡ್

ಈ ಲೆಕ್ಕದಲ್ಲಿ ಒಂದು ಬಲೆ ಇದೆ. ಗ್ರಾಂ ನೋಡಿದರೆ ಅಲ್ಯೂಮಿನಿಯಂ ಕಡಿಮೆ. ಮೋಲ್ ಲೆಕ್ಕ ಹಾಕಿದರೂ ಅಲ್ಯೂಮಿನಿಯಂ 0.371 ಮೋಲ್, ಕ್ಲೋರಿನ್ 0.501 ಮೋಲ್. ಹಾಗಾಗಿ ಅಲ್ಯೂಮಿನಿಯಂ ಮೊದಲು ಮುಗಿಯುತ್ತದೆ ಎನಿಸುತ್ತದೆ, ಅಲ್ವಾ? ಹಾಗಾಗುವುದಿಲ್ಲ. ಎರಡು ಅಲ್ಯೂಮಿನಿಯಂಗೆ ಮೂರು ಕ್ಲೋರಿನ್ ಬೇಕು. 0.371 ಮೋಲ್ ಅಲ್ಯೂಮಿನಿಯಂಗೆ 0.556 ಮೋಲ್ ಕ್ಲೋರಿನ್ ಬೇಕಾಗುತ್ತದೆ. ಅಷ್ಟು ಇಲ್ಲ.

ಇಲ್ಲಿ ಮೂರು ಆಯ್ಕೆಗಳಿವೆ. ಎರಡು ಸರಪಳಿ ಬರೆದು, ಎರಡೂ ಕಡೆಯಿಂದ ಎಷ್ಟು ಕ್ಲೋರೈಡ್ ಬರುತ್ತದೆ ನೋಡುವುದು ಒಂದು. ಅಲ್ಯೂಮಿನಿಯಂ ಕಡೆಯಿಂದ 49.4 ಗ್ರಾಂ, ಕ್ಲೋರಿನ್ ಕಡೆಯಿಂದ 44.5 ಗ್ರಾಂ. ಕಡಿಮೆ ಬಂದದ್ದೇ ಉತ್ತರ. ಎರಡನೆಯದು, ಪ್ರತಿ ಮೋಲನ್ನೂ ಅದರ ಸಹಗುಣಕದಿಂದ ಭಾಗಿಸುವುದು: 0.371 ÷ 2 = 0.185, 0.501 ÷ 3 = 0.167. ಕಡಿಮೆ ಬಂದ ಕ್ಲೋರಿನ್ ಮೊದಲು ಮುಗಿಯುತ್ತದೆ. ಇದರಷ್ಟು ಬೇಗ ಆಗುವುದು ಬೇರೆ ಇಲ್ಲ. ಆದರೆ ಬಂದ 0.185 ಏನನ್ನು ಅಳೆಯುತ್ತದೆ ಎಂದು ಗೊತ್ತಿಲ್ಲದವರು, ಮುಂದಿನ ಹಂತದಲ್ಲಿ ಅದನ್ನೇ ಮೋಲ್ ಎಂದುಕೊಂಡು ಬಳಸಿಬಿಡುತ್ತಾರೆ.

ಮೂರನೆಯದು ಪಟ್ಟಿ. ನನಗೆ ಇದೇ ಇಷ್ಟ. ಸಮೀಕರಣದ ಕೆಳಗೆ ಮೂರು ಸಾಲು, ಎಲ್ಲವೂ ಮೋಲ್‌ನಲ್ಲೇ:

ಮೊದಲು: ಅಲ್ಯೂಮಿನಿಯಂ 0.371, ಕ್ಲೋರಿನ್ 0.501, ಕ್ಲೋರೈಡ್ 0
ಬದಲಾವಣೆ: −0.334, −0.501, +0.334
ಕೊನೆಗೆ: 0.037, 0, 0.334

ಕೊನೆಯ ಸಾಲನ್ನು ಗ್ರಾಂಗೆ ತಿರುಗಿಸಿದರೆ ಕ್ಲೋರೈಡ್ 44.5 ಗ್ರಾಂ, ಉಳಿದ ಅಲ್ಯೂಮಿನಿಯಂ ಸುಮಾರು 1.0 ಗ್ರಾಂ. ಕೂಡಿದರೆ 45.5. ಶುರುವಿನಲ್ಲಿ ಹಾಕಿದ್ದೂ 10.0 + 35.5 = 45.5. ಲೆಕ್ಕ ತಾಳೆಯಾಯಿತು. ತನ್ನ ಉತ್ತರವನ್ನು ತಾನೇ ಪರೀಕ್ಷಿಸಿಕೊಳ್ಳುವ ಅವಕಾಶ ಉಳಿದ ಎರಡರಲ್ಲಿ ಇಷ್ಟು ಸಲೀಸಾಗಿ ಸಿಗುವುದಿಲ್ಲ. ತಪ್ಪಾದ ವಸ್ತುವನ್ನು ಮುಗಿಯುವಂಥದ್ದು ಎಂದುಕೊಂಡರೂ ಪಟ್ಟಿ ಬಿಡುವುದಿಲ್ಲ. ಕೊನೆಯ ಸಾಲಿನಲ್ಲಿ ಇನ್ನೊಂದರ ಮೋಲ್ ಸೊನ್ನೆಗಿಂತ ಕೆಳಗೆ ಹೋಗಿ ಕೂರುತ್ತದೆ.

ಸಮಯ ಜಾಸ್ತಿ ಹಿಡಿಯುತ್ತದೆ ಎನ್ನುವುದೊಂದೇ ದೂರು. 'ಎಷ್ಟು ಉಳಿಯುತ್ತದೆ' ಎಂದು ಕೇಳಿದ್ದರೆ ಪಟ್ಟಿಯೇ ಬೇಗ. ಉತ್ಪನ್ನ ಮಾತ್ರ ಕೇಳಿದ್ದರೆ ಎರಡು ಸರಪಳಿ ಸಾಕು. ಮುಂದೆ ರಾಸಾಯನಿಕ ಸಮತೋಲನದ ಲೆಕ್ಕ ಬಂದಾಗ ಇದೇ ಮೂರು ಸಾಲಿನ ಪಟ್ಟಿ ಮತ್ತೆ ಬೇಕಾಗುತ್ತದೆ. ಹಾಗಾಗಿ ಮುಂದೆಯೂ ಈ ವಿಷಯ ಓದುವವರು ಈಗಲೇ ಕೈಗೆ ರೂಢಿ ಮಾಡಿಕೊಂಡರೆ ಒಳ್ಳೆಯದು.

ದ್ರಾವಣ: ಯಾವ ಅಳತೆ, ಯಾವ ಸೂತ್ರ?

ಮೊದಲು ಅಳತೆಯ ಆಯ್ಕೆ. ಮೋಲಾರಿಟಿ ಎಂದರೆ ಒಂದು ಲೀಟರ್ ದ್ರಾವಣದಲ್ಲಿ ಎಷ್ಟು ಮೋಲ್. ಮೋಲಾಲಿಟಿ ಎಂದರೆ ಒಂದು ಕಿಲೋಗ್ರಾಂ ದ್ರಾವಕದಲ್ಲಿ ಎಷ್ಟು ಮೋಲ್. ಪಿಪೆಟ್, ಬ್ಯುರೆಟ್ ಹಿಡಿದು ಗಾತ್ರ ಅಳೆಯುವ ಕಡೆಯೆಲ್ಲ ಮೋಲಾರಿಟಿ. ಬಿಸಿಯಾದರೆ ದ್ರಾವಣ ಹಿಗ್ಗುತ್ತದೆ, ಮೋಲಾರಿಟಿ ಬದಲಾಗುತ್ತದೆ. ಅದಕ್ಕೇ ಕುದಿಯುವ ಬಿಂದು, ಹೆಪ್ಪುಗಟ್ಟುವ ಬಿಂದುವಿನ ಲೆಕ್ಕಗಳಲ್ಲಿ ಮೋಲಾಲಿಟಿ ಬಳಸುತ್ತಾರೆ. ಪ್ರಶ್ನೆಯೇ ಇದನ್ನು ನಿರ್ಧರಿಸುತ್ತದೆ, ನಿಮಗೆ ಆಯ್ಕೆ ಇರುವುದಿಲ್ಲ.

ತೆಳು ದ್ರಾವಣದಲ್ಲಿ ನೀರು ದ್ರಾವಕವಾಗಿದ್ದರೆ ಎರಡೂ ಹತ್ತಿರ ಹತ್ತಿರ ಇರುತ್ತವೆ. ಅದನ್ನೇ ನಂಬಿ ಕೂತರೆ ಮಾತ್ರ ಅಪಾಯ. ತೂಕದಲ್ಲಿ ಶೇ. 98 ಇರುವ, ಮಿಲಿಲೀಟರ್‌ಗೆ 1.84 ಗ್ರಾಂ ತೂಗುವ ಸಲ್ಫ್ಯೂರಿಕ್ ಆಮ್ಲವನ್ನೇ ನೋಡಿ. ಒಂದು ಲೀಟರ್ ತೆಗೆದುಕೊಂಡರೆ 1840 ಗ್ರಾಂ. ಅದರಲ್ಲಿ ಆಮ್ಲ 1803 ಗ್ರಾಂ. 98.08 ರಿಂದ ಭಾಗಿಸಿದರೆ 18.4 ಮೋಲಾರ್. ಈಗ ಮೋಲಾಲಿಟಿ. 1000 ಗ್ರಾಂ ದ್ರಾವಣ ಇದೆ ಎಂದುಕೊಳ್ಳಿ. ಆಮ್ಲ 980 ಗ್ರಾಂ, ಅಂದರೆ 9.99 ಮೋಲ್. ನೀರು ಬರೀ 20 ಗ್ರಾಂ, ಅಂದರೆ 0.020 ಕಿಲೋಗ್ರಾಂ. ಭಾಗಿಸಿದರೆ ಸುಮಾರು 500 ಮೋಲಾಲ್. ಒಂದೇ ಬಾಟಲಿ, 18.4 ಎಲ್ಲಿ, 500 ಎಲ್ಲಿ! ಇಂಥ ಲೆಕ್ಕಕ್ಕೆ ದೊಡ್ಡ ಪರಿವರ್ತನಾ ಸೂತ್ರಗಳೂ ಸಿಗುತ್ತವೆ. ಬಾಯಿಪಾಠ ಮಾಡುವ ಶ್ರಮ ಬೇಡ. ಮೋಲಾರಿಟಿ ಬೇಕಾದರೆ 1 ಲೀಟರ್ ಇದೆ ಎಂದುಕೊಳ್ಳಿ, ಮೋಲಾಲಿಟಿ ಬೇಕಾದರೆ 1000 ಗ್ರಾಂ ಇದೆ ಎಂದುಕೊಳ್ಳಿ. ಉಳಿದದ್ದು ಸಾಮಾನ್ಯ ಗಣಿತ.

ಇನ್ನು ಟೈಟ್ರೇಶನ್, ಅಂದರೆ ಒಂದು ದ್ರಾವಣ ಪೂರ್ತಿ ವರ್ತಿಸಿ ಮುಗಿಯಲು ಇನ್ನೊಂದು ದ್ರಾವಣ ಎಷ್ಟು ಬೇಕು ಎಂದು ಅಳೆಯುವುದು. ಅತಿ ಹೆಚ್ಚು ಅಂಕ ಕಳೆದುಹೋಗುವುದು ಇಲ್ಲಿ. ದ್ರಾವಣಕ್ಕೆ ನೀರು ಬೆರೆಸುವ ಲೆಕ್ಕಕ್ಕೆ ಒಂದು ಚಿಕ್ಕ ಸೂತ್ರ ಎಲ್ಲರಿಗೂ ಗೊತ್ತು: ಮೊದಲಿನ ಮೋಲಾರಿಟಿ × ಮೊದಲಿನ ಗಾತ್ರ = ನಂತರದ ಮೋಲಾರಿಟಿ × ನಂತರದ ಗಾತ್ರ. 12.0 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಿಂದ 0.600 ಮೋಲಾರ್‌ನ 500 ಮಿಲಿಲೀಟರ್ ಬೇಕಾದರೆ 25.0 ಮಿಲಿಲೀಟರ್ ತೆಗೆದುಕೊಳ್ಳಬೇಕು. ನೀರು ಸೇರಿಸಿದರೂ ಒಳಗಿರುವ ಆಮ್ಲದ ಮೋಲ್ ಬದಲಾಗುವುದಿಲ್ಲ. ಸೂತ್ರ ನಿಂತಿರುವುದು ಆ ಒಂದು ಸತ್ಯದ ಮೇಲೆ.

ಈಗ 25.00 ಮಿಲಿಲೀಟರ್ ಸಲ್ಫ್ಯೂರಿಕ್ ಆಮ್ಲಕ್ಕೆ 0.100 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ 30.00 ಮಿಲಿಲೀಟರ್ ಬೇಕಾಯಿತು ಎನ್ನಿ. ಆಮ್ಲದ ಮೋಲಾರಿಟಿ ಎಷ್ಟು? ಅದೇ ಸೂತ್ರಕ್ಕೆ ಹಾಕಿದರೆ 0.120 ಬರುತ್ತದೆ. ನೋಡಲು ಎಷ್ಟು ನೀಟಾಗಿದೆ! ಆದರೆ ತಪ್ಪು, ಸರಿಯಾದುದರ ಎರಡರಷ್ಟು. ಇಲ್ಲಿ ಎರಡು ಬೇರೆ ವಸ್ತುಗಳು ಒಂದರ ಜೊತೆ ಒಂದು ವರ್ತಿಸುತ್ತಿವೆ. ಒಂದು ಮೋಲ್ ಆಮ್ಲಕ್ಕೆ ಎರಡು ಮೋಲ್ ಹೈಡ್ರಾಕ್ಸೈಡ್ ಬೇಕು. ಹೈಡ್ರೋಕ್ಲೋರಿಕ್ ಆಮ್ಲ ಇದ್ದಿದ್ದರೆ ಈ ಸೂತ್ರದಿಂದಲೂ ಸರಿ ಉತ್ತರವೇ ಬರುತ್ತಿತ್ತು. ಹಾಗಾಗಿಯೇ ಈ ತಪ್ಪು ಬಹಳ ದಿನ ಬಯಲಾಗದೆ ಉಳಿಯುತ್ತದೆ.

ಇದಕ್ಕೆ ಎರಡು ಪರ್ಯಾಯಗಳಿವೆ. ಒಂದು, ಮಿಲಿಮೋಲ್ ದಾರಿ. ಮೋಲಾರಿಟಿಯನ್ನು ಮಿಲಿಲೀಟರ್‌ನಿಂದ ಗುಣಿಸಿದರೆ ನೇರವಾಗಿ ಮಿಲಿಮೋಲ್ ಸಿಗುತ್ತದೆ, 1000 ರಿಂದ ಭಾಗಿಸುವ ತಾಪತ್ರಯವೇ ಇಲ್ಲ. 0.100 × 30.00 = 3.00 ಮಿಲಿಮೋಲ್ ಹೈಡ್ರಾಕ್ಸೈಡ್. ಅದರ ಅರ್ಧ, 1.50 ಮಿಲಿಮೋಲ್ ಆಮ್ಲ. 25.00 ರಿಂದ ಭಾಗಿಸಿದರೆ 0.0600 ಮೋಲಾರ್. ಅನುಪಾತಕ್ಕೆ ಇಲ್ಲಿ ಅದರದೇ ಒಂದು ಸಾಲು ಇದೆ, ಮರೆಯಲು ಆಗುವುದಿಲ್ಲ.

ಇನ್ನೊಂದು ನಾರ್ಮಾಲಿಟಿ. ಆಮ್ಲ ಎಷ್ಟು ಹೈಡ್ರೋಜನ್ ಅಯಾನ್ ಕೊಡುತ್ತದೆ ಎನ್ನುವುದನ್ನು ಮೊದಲೇ ಅಳತೆಯೊಳಗೆ ಸೇರಿಸಿಬಿಡುತ್ತಾರೆ. ಆಗ 'ನಾರ್ಮಾಲಿಟಿ × ಗಾತ್ರ' ಎರಡೂ ಕಡೆ ಯಾವಾಗಲೂ ಸಮ. 0.120 ನಾರ್ಮಲ್ ಬರುತ್ತದೆ, ಎರಡರಿಂದ ಭಾಗಿಸಿದರೆ 0.0600 ಮೋಲಾರ್. ಒಂದೇ ಬಗೆಯ ಟೈಟ್ರೇಶನ್ನನ್ನು ಲ್ಯಾಬ್‌ನಲ್ಲಿ ದಿನವೂ ಮಾಡುವವರಿಗೆ ಇದರಷ್ಟು ಅನುಕೂಲ ಬೇರೆ ಇಲ್ಲ. ಆದರೆ ಕಲಿಯುವವರಿಗೆ ಇದನ್ನು ಮೊದಲ ವಿಧಾನವಾಗಿ ನಾನು ಹೇಳುವುದಿಲ್ಲ. ಕಾರಣ ಎಲೆಕ್ಟ್ರಾನ್ ಲೆಕ್ಕಕ್ಕೆ ಬಂದಾಗ ಚೆನ್ನಾಗಿ ಗೊತ್ತಾಗುತ್ತದೆ.

ಎಲೆಕ್ಟ್ರಾನ್ ಲೆಕ್ಕ: ಸಂಖ್ಯೆ ಹಿಡಿಯಬೇಕಾ, ಅರ್ಧ ಬರೆಯಬೇಕಾ?

ಉತ್ಕರ್ಷಣ (ಎಲೆಕ್ಟ್ರಾನ್ ಕಳೆದುಕೊಳ್ಳುವುದು), ಅಪಕರ್ಷಣ (ಎಲೆಕ್ಟ್ರಾನ್ ಪಡೆಯುವುದು) ನಡೆಯುವ ಸಮೀಕರಣ ಸರಿದೂಗಿಸಲು ಎರಡು ದಾರಿ. ಪರಮಾಣು ಎಷ್ಟು ಎಲೆಕ್ಟ್ರಾನ್ ಕಳೆದುಕೊಂಡಿದೆ, ಪಡೆದಿದೆ ಎಂದು ಎಣಿಸುವ ಲೆಕ್ಕವೇ ಉತ್ಕರ್ಷಣ ಸಂಖ್ಯೆ. ಆ ವಿಧಾನದಲ್ಲಿ ಯಾವ ಪರಮಾಣುವಿನ ಸಂಖ್ಯೆ ಎಷ್ಟು ಏರಿತು, ಯಾವುದರದು ಎಷ್ಟು ಇಳಿಯಿತು ಎಂದು ನೋಡುತ್ತೇವೆ. ಆಮ್ಲದಲ್ಲಿ ಪರ್ಮಾಂಗನೇಟ್, ಕಬ್ಬಿಣದ 2+ ಅಯಾನ್ ಜೊತೆ ವರ್ತಿಸುವಾಗ ಮ್ಯಾಂಗನೀಸ್ +7 ರಿಂದ +2 ಕ್ಕೆ ಇಳಿಯುತ್ತದೆ, ಐದು ಎಲೆಕ್ಟ್ರಾನ್. ಕಬ್ಬಿಣ +2 ರಿಂದ +3 ಕ್ಕೆ ಏರುತ್ತದೆ, ಒಂದು. ಅಲ್ಲಿಗೆ ಒಂದಕ್ಕೆ ಐದು. ಅರ್ಧ ನಿಮಿಷದ ಕೆಲಸ.

ಅರ್ಧ ಕ್ರಿಯೆಯ ವಿಧಾನದಲ್ಲಿ ಎಲೆಕ್ಟ್ರಾನ್ ಪಡೆಯುವುದನ್ನೂ ಕಳೆದುಕೊಳ್ಳುವುದನ್ನೂ ಬೇರೆ ಬೇರೆ ಬರೆಯುತ್ತೇವೆ. ಪರ್ಮಾಂಗನೇಟ್‌ನಲ್ಲಿ ನಾಲ್ಕು ಆಕ್ಸಿಜನ್ ಇವೆ, ಬಲಕ್ಕೆ ನಾಲ್ಕು ನೀರು ಬರೆಯಿರಿ. ನಾಲ್ಕು ನೀರಿಗೆ ಎಂಟು ಹೈಡ್ರೋಜನ್ ಬೇಕು, ಎಡಕ್ಕೆ ಎಂಟು ಹೈಡ್ರೋಜನ್ ಅಯಾನ್ ಬರೆಯಿರಿ. ಈಗ ಚಾರ್ಜ್ ಎಣಿಸಿ. ಎಡಕ್ಕೆ −1 + 8 = +7. ಬಲಕ್ಕೆ +2. ಸಮ ಆಗಬೇಕಾದರೆ ಎಡಕ್ಕೆ ಐದು ಎಲೆಕ್ಟ್ರಾನ್ ಬೇಕು.

ಪರ್ಮಾಂಗನೇಟ್ ಅಯಾನ್ + 8 ಹೈಡ್ರೋಜನ್ ಅಯಾನ್ + 5 ಎಲೆಕ್ಟ್ರಾನ್ → ಮ್ಯಾಂಗನೀಸ್ 2+ ಅಯಾನ್ + 4 ನೀರು

ಗಮನಿಸಿ, ಉತ್ಕರ್ಷಣ ಸಂಖ್ಯೆಯನ್ನು ಎಲ್ಲೂ ಕೇಳಲೇ ಇಲ್ಲ. ಎಲೆಕ್ಟ್ರಾನ್ ಸಂಖ್ಯೆ ತಾನಾಗಿ ಹೊರಬಂತು. ಪ್ರತ್ಯಾಮ್ಲೀಯ ದ್ರಾವಣವಾದರೆ ಹೀಗೇ ಮುಗಿಸಿ, ಎಷ್ಟು ಹೈಡ್ರೋಜನ್ ಅಯಾನ್ ಇವೆಯೋ ಅಷ್ಟೇ ಹೈಡ್ರಾಕ್ಸೈಡ್ ಅಯಾನ್‌ಗಳನ್ನು ಎರಡೂ ಕಡೆ ಸೇರಿಸಿದರೆ ಆಯಿತು.

ಎರಡರ ಗುಣವೂ ಇಕ್ಕಟ್ಟಿನ ಜಾಗದಲ್ಲೇ ಬಯಲಾಗುವುದು. ಡೈಕ್ರೋಮೇಟ್ ತೆಗೆದುಕೊಳ್ಳಿ. ಕ್ರೋಮಿಯಂ +6 ರಿಂದ +3 ಕ್ಕೆ ಬರುತ್ತದೆ, ಮೂರು ಎಲೆಕ್ಟ್ರಾನ್ ಎಂದು ಬರೆದು ಮುಂದೆ ಹೋಗುವವರು ಬಹಳ ಜನ. ಅಯಾನ್‌ನಲ್ಲಿ ಕ್ರೋಮಿಯಂ ಎರಡಿವೆ, ಬೇಕಾದದ್ದು ಆರು. ಅರ್ಧ ಕ್ರಿಯೆಯಲ್ಲಿ ಚಾರ್ಜ್ ತಾಳೆಯಾಗದೆ ಈ ತಪ್ಪು ಅಲ್ಲೇ ನಿಲ್ಲಿಸುತ್ತದೆ. ಥಯೋಸಲ್ಫೇಟ್ ಟೆಟ್ರಾಥಯೋನೇಟ್ ಆಗುವಾಗ ಗಂಧಕದ ಸರಾಸರಿ ಸಂಖ್ಯೆ +2 ರಿಂದ +2.5 ಕ್ಕೆ ಹೋಗುತ್ತದೆ. ಅರ್ಧ ಎಲೆಕ್ಟ್ರಾನ್ ಹೇಗೆ ಬಂತು ಎಂದು ತಲೆ ಕೆಡಿಸಿಕೊಳ್ಳುವ ಬದಲು ಅರ್ಧ ಕ್ರಿಯೆ ಬರೆದರೆ, ಎರಡು ಥಯೋಸಲ್ಫೇಟ್‌ಗಳ ಚಾರ್ಜ್ −4, ಒಂದು ಟೆಟ್ರಾಥಯೋನೇಟ್‌ನದು −2. ಹೊರಬಂದದ್ದು ಎರಡು ಎಲೆಕ್ಟ್ರಾನ್. ಮುಗಿಯಿತು.

ಆದರೆ ದ್ರಾವಣವೇ ಇಲ್ಲದ ಕಡೆ ಉತ್ಕರ್ಷಣ ಸಂಖ್ಯೆಯೇ ಮೇಲು. ಕಬ್ಬಿಣದ ಆಕ್ಸೈಡ್ ಮತ್ತು ಅಲ್ಯೂಮಿನಿಯಂ ಪುಡಿ ಸೇರಿ ಕಾದ ಕಬ್ಬಿಣ ಹರಿಯುವ ಥರ್ಮೈಟ್ ಕ್ರಿಯೆಗೆ ನೀರು, ಹೈಡ್ರೋಜನ್ ಅಯಾನ್ ಎಲ್ಲಿಂದ ತರುವುದು? ಕಬ್ಬಿಣ +3 ರಿಂದ 0, ಅಲ್ಯೂಮಿನಿಯಂ 0 ಯಿಂದ +3, ಎರಡಕ್ಕೆ ಎರಡು. ಉರಿಯುವ ಕ್ರಿಯೆಗಳಿಗೂ ಇದೇ ಸಾಕು.

ಈಗ ನಾರ್ಮಾಲಿಟಿಯ ವಿಷಯ. 0.0200 ಮೋಲಾರ್ ಪರ್ಮಾಂಗನೇಟ್ 20.00 ಮಿಲಿಲೀಟರ್ ಖರ್ಚಾಯಿತು ಎನ್ನಿ. ಮಿಲಿಮೋಲ್ ದಾರಿಯಲ್ಲಿ 0.400 ಮಿಲಿಮೋಲ್ ಪರ್ಮಾಂಗನೇಟ್. ಐದರಿಂದ ಗುಣಿಸಿದರೆ 2.00 ಮಿಲಿಮೋಲ್ ಕಬ್ಬಿಣ. 55.85 ರಿಂದ ಗುಣಿಸಿದರೆ ಸುಮಾರು 112 ಮಿಲಿಗ್ರಾಂ. ನಾರ್ಮಾಲಿಟಿಯಲ್ಲಿ ಅದೇ ದ್ರಾವಣ 0.100 ನಾರ್ಮಲ್, ಒಂದು ಸಾಲು ಉಳಿಯಿತು. ಆದರೆ ಈ 0.100 ನಿಜವಾಗುವುದು ಆಮ್ಲದಲ್ಲಿ ಮಾತ್ರ. ತಟಸ್ಥ ದ್ರಾವಣದಲ್ಲಿ ಪರ್ಮಾಂಗನೇಟ್ ಮ್ಯಾಂಗನೀಸ್ ಡೈಆಕ್ಸೈಡ್ ಆಗಿ ನಿಲ್ಲುತ್ತದೆ, ಮೂರೇ ಎಲೆಕ್ಟ್ರಾನ್. ಆಗ ಅದೇ ಬಾಟಲಿ 0.0600 ನಾರ್ಮಲ್. ಪೊಟ್ಯಾಸಿಯಂ ಪರ್ಮಾಂಗನೇಟ್‌ನ ಸಮಾನ ತೂಕವೂ (ಮೋಲಾರ್ ರಾಶಿಯನ್ನು ಎಲೆಕ್ಟ್ರಾನ್ ಸಂಖ್ಯೆಯಿಂದ ಭಾಗಿಸಿದ್ದು) 31.6 ರಿಂದ 52.7 ಕ್ಕೆ ಬದಲಾಗುತ್ತದೆ. ಮೋಲಾರಿಟಿ ಬಾಟಲಿಯ ಗುಣ. ನಾರ್ಮಾಲಿಟಿ ಅದನ್ನು ಯಾವ ಕ್ರಿಯೆಗೆ ಬಳಸುತ್ತೀರಿ ಎಂಬುದನ್ನೂ ಹೊತ್ತಿರುತ್ತದೆ. ಕ್ರಿಯೆ ಯಾವುದೆಂದು ಖಚಿತವಾಗಿ ಗೊತ್ತಿರುವವರು ಧೈರ್ಯವಾಗಿ ಬಳಸಲಿ. ಐದು ಎಲ್ಲಿಂದ ಬಂತು ಎಂದು ಹೇಳಲಾಗದವರು ಇನ್ನೂ ಸ್ವಲ್ಪ ದಿನ ಮಿಲಿಮೋಲ್‌ನಲ್ಲೇ ಇರಲಿ.

ಕರೆಂಟ್ ಹರಿಸಿ ಲೋಹ ಪಡೆಯುವ ಲೆಕ್ಕ

2.00 ಆಂಪಿಯರ್ ಕರೆಂಟ್ ಅರ್ಧ ಗಂಟೆ ತಾಮ್ರದ 2+ ಅಯಾನ್ ಇರುವ ದ್ರಾವಣದಲ್ಲಿ ಹರಿದರೆ ಎಷ್ಟು ತಾಮ್ರ ಕೂರುತ್ತದೆ? ಮೈಕೆಲ್ ಫ್ಯಾರಡೆ 1830ರ ದಶಕದಲ್ಲಿ ಕಂಡುಕೊಂಡ ನಿಯಮದ ಪ್ರಕಾರ ರಾಶಿ = ವಿದ್ಯುತ್ ರಾಸಾಯನಿಕ ಸಮಾನಾಂಕ (ಒಂದು ಕೂಲಂಬ್‌ಗೆ ಕೂರುವ ಗ್ರಾಂ) × ಕರೆಂಟ್ × ಕಾಲ. ತಾಮ್ರದ ಸಮಾನಾಂಕ ಕೂಲಂಬ್‌ಗೆ 0.000329 ಗ್ರಾಂ. ಕಾಲ ಸೆಕೆಂಡಿನಲ್ಲಿ, 1800. ಉತ್ತರ ಸುಮಾರು 1.19 ಗ್ರಾಂ. ಒಂದೇ ಸಾಲು.

ಎಲೆಕ್ಟ್ರಾನ್ ಮೋಲ್‌ನ ದಾರಿ ಉದ್ದ. 2.00 × 1800 = 3600 ಕೂಲಂಬ್. ಒಂದು ಮೋಲ್ ಎಲೆಕ್ಟ್ರಾನ್‌ಗೆ 96,485 ಕೂಲಂಬ್, ಹಾಗಾಗಿ 0.0373 ಮೋಲ್ ಎಲೆಕ್ಟ್ರಾನ್. ಎರಡು ಎಲೆಕ್ಟ್ರಾನ್‌ಗೆ ಒಂದು ತಾಮ್ರ, 0.0187 ಮೋಲ್. 63.55 ರಿಂದ ಗುಣಿಸಿದರೆ ಅದೇ 1.19 ಗ್ರಾಂ.

ನಾನು ಉದ್ದದ ದಾರಿಯನ್ನೇ ಹೇಳುತ್ತೇನೆ. ಮೊದಲ ಸೂತ್ರದಲ್ಲಿ 'ಎರಡು ಎಲೆಕ್ಟ್ರಾನ್' ಎಂಬ ವಿಷಯ ಸಮಾನಾಂಕದೊಳಗೆ ಅಡಗಿದೆ. ಅದೇ ಕರೆಂಟ್ ಸಾಲಾಗಿ ಜೋಡಿಸಿದ ಬೆಳ್ಳಿಯ ದ್ರಾವಣದಲ್ಲೂ ಹರಿದರೆ ಎಷ್ಟು ಬೆಳ್ಳಿ ಎಂದು ಕೇಳಿದರೆ, ಇನ್ನೊಂದು ಸಮಾನಾಂಕ ಹುಡುಕಬೇಕು. ಎಲೆಕ್ಟ್ರಾನ್ ಮೋಲ್ ಕೈಯಲ್ಲಿದ್ದರೆ ಅದೇ 0.0373. ಬೆಳ್ಳಿಗೆ ಒಂದೇ ಎಲೆಕ್ಟ್ರಾನ್, 107.87 ರಿಂದ ಗುಣಿಸಿ, 4.02 ಗ್ರಾಂ. 96,485 ಎಂಬ ಸಂಖ್ಯೆಯೂ ಎಲ್ಲಿಂದಲೋ ಉದುರಿದ್ದಲ್ಲ. ಒಂದು ಮೋಲ್‌ನಲ್ಲಿರುವ ಕಣಗಳ ಎಣಿಕೆಯಾದ ಅವೊಗಾಡ್ರೋ ಸಂಖ್ಯೆ 6.022 × 10²³ ನ್ನು ಒಂದು ಎಲೆಕ್ಟ್ರಾನ್‌ನ ಚಾರ್ಜ್ 1.602 × 10⁻¹⁹ ಕೂಲಂಬ್‌ನಿಂದ ಗುಣಿಸಿದರೆ ಬರುವುದು ಅದೇ. 2019ರ ಮೇ 20ರಿಂದ ಈ ಎರಡೂ ಸಂಖ್ಯೆಗಳನ್ನು ನಿಖರವಾಗಿ ನಿಗದಿ ಮಾಡಿದ್ದಾರೆ.

ನಿಮಿಷವನ್ನು ಸೆಕೆಂಡಿಗೆ ತಿರುಗಿಸಲು ಮರೆಯುವುದು ಎರಡೂ ದಾರಿಗೆ ಸಮಾನ ಕಾಟ. 30 ಎಂದೇ ಹಾಕಿದರೆ 0.02 ಗ್ರಾಂ ಬರುತ್ತದೆ. 'ಆಂಪಿಯರ್ × ಸೆಕೆಂಡ್ = ಕೂಲಂಬ್' ಎಂದು ಯೂನಿಟ್ ಬರೆಯುವವರು ಅಲ್ಲೇ ತಡೆದು ನಿಲ್ಲುತ್ತಾರೆ.

ನಿಮ್ಮ ಪರಿಸ್ಥಿತಿಗೆ ಯಾವುದು?

ಈಗಷ್ಟೇ ಶುರು ಮಾಡಿದ್ದು, ಸಮಯ ಇದೆ ಎಂದರೆ ಯೂನಿಟ್ ಸರಪಳಿ, ಮೂರು ಸಾಲಿನ ಪಟ್ಟಿ, ಮಿಲಿಮೋಲ್, ಅರ್ಧ ಕ್ರಿಯೆ, ಎಲೆಕ್ಟ್ರಾನ್ ಮೋಲ್. ಈ ಐದರಲ್ಲಿ ಬಾಯಿಪಾಠ ತೀರಾ ಕಡಿಮೆ, ತಪ್ಪು ಬೇಗ ಕಾಣುತ್ತದೆ. ಬರೆಯುವ ಶ್ರಮ ಜಾಸ್ತಿ, ಅದನ್ನು ಒಪ್ಪಿಕೊಳ್ಳಬೇಕು.

ಪರೀಕ್ಷೆ ಹತ್ತಿರ ಬಂದಿದೆ, ಈಗಾಗಲೇ ಒಂದು ವಿಧಾನ ರೂಢಿಯಾಗಿದೆ ಎಂದಾದರೆ ಅದನ್ನು ಬಿಡಬೇಡಿ. ಹೊಸ ವಿಧಾನ ಕೈಗೆ ಹತ್ತುವ ಮೊದಲ ಕೆಲವು ದಿನ ವೇಗವೂ ಹೋಗುತ್ತದೆ, ಧೈರ್ಯವೂ ಹೋಗುತ್ತದೆ. ಟೈಟ್ರೇಶನ್‌ನಲ್ಲಿ ಅನುಪಾತದ ಸಾಲನ್ನು ಮಾತ್ರ ಕಡ್ಡಾಯವಾಗಿ ಸೇರಿಸಿಕೊಳ್ಳಿ.

ಬಹು ಆಯ್ಕೆಯ ಪ್ರಶ್ನೆಗಳಿಗೆ ವೇಗವೇ ಮುಖ್ಯ. ಸಹಗುಣಕದಿಂದ ಭಾಗಿಸುವುದು, ನಾರ್ಮಾಲಿಟಿ, ಉತ್ಕರ್ಷಣ ಸಂಖ್ಯೆ ಅಲ್ಲಿ ಸಮಯ ಉಳಿಸುತ್ತವೆ. ಆದರೆ ಇಂಥ ಪ್ರಶ್ನೆಗಳಲ್ಲಿ ಸಾಮಾನ್ಯ ತಪ್ಪಿನ ಉತ್ತರವನ್ನೂ ಒಂದು ಆಯ್ಕೆಯಾಗಿ ಇಟ್ಟಿರುತ್ತಾರೆ. ಮೇಲಿನ ಸಲ್ಫ್ಯೂರಿಕ್ ಆಮ್ಲದ ಲೆಕ್ಕದಲ್ಲಿ 0.120 ಖಂಡಿತ ಅಲ್ಲಿರುತ್ತದೆ ಎಂದೇ ಎಣಿಸಿ.

ನಿಮ್ಮ ತಪ್ಪು ಯಾವ ಬಗೆಯದು ಎಂದು ಗೊತ್ತಿಲ್ಲದಿದ್ದರೆ, ಹಿಂದೆ ತಪ್ಪಾದ ಲೆಕ್ಕಗಳನ್ನು ತೆಗೆದು ಪಕ್ಕದಲ್ಲಿ ಕಾರಣ ಬರೆಯಿರಿ: ಗುಣಿಸುವ ಭಾಗಿಸುವ ಗೊಂದಲ, ಅನುಪಾತ ಮರೆತದ್ದು, ಯೂನಿಟ್, ಎಲೆಕ್ಟ್ರಾನ್ ಎಣಿಕೆ, ಬರೀ ಕ್ಯಾಲ್ಕುಲೇಟರ್. ಯಾವುದು ಪದೇ ಪದೇ ಬರುತ್ತದೋ ಅದನ್ನು ಹಿಡಿಯುವ ವಿಧಾನ ಮೇಲೆ ಇದೆ. ಅದೊಂದನ್ನೇ ಮೊದಲು ಬದಲಿಸಿ, ಉಳಿದವು ಈಗ ಇರುವ ಹಾಗೇ ಇರಲಿ.